ಒಂದು ಹುಲ್ಲುಗಾವಲಿನ ದಫ್ತರ

ದಾನಶಾಸನವನ್ನು ಬರೆಯಿಸಿದವನು ತನ್ನ ಪುಣ್ಯಕ್ಕಾಗಿ ಬರೆಯಿಸಿದನು. ನಾವಾದರೋ ಅದರಿಂದ ಅಂದಿನ ಕೆರೆಕಾಲುವೆಗಳ, ಅಳತೆಗೋಲುಗಳ ಸಂಗತಿಯನ್ನು ತಿಳಿಯುತ್ತೇವೆ. ಆಕರವು ಕರ್ತೃವಿನ ಉದ್ದೇಶವನ್ನು ಮೀರಿ ನುಡಿಯುವ ಇಂತಹ ಪ್ರಸಂಗವೊಂದು ಕೃಷಿವಿಜ್ಞಾನದ ಚರಿತ್ರೆಯಲ್ಲಿಯೂ ಉಂಟು.

ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ ಜಾನ್ ಬೆನೆಟ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ ಎಂಬವರು 1856ರಲ್ಲಿ ಸುಮಾರು ಏಳು ಎಕರೆಯ ಹಳೆಯ ಹುಲ್ಲುಗಾವಲೊಂದನ್ನು ತಾಕುಗಳಾಗಿ ವಿಂಗಡಿಸಿ, ಬೇರೆ ಬೇರೆ ಗೊಬ್ಬರಗಳನ್ನು ಹಾಕಿಸಿದರು. ಕೆಲವಕ್ಕೆ ಏನನ್ನೂ ಹಾಕಲಿಲ್ಲ. ಪಾರ್ಕ್ ಗ್ರಾಸ್ ಎಂದು ಪ್ರಸಿದ್ಧವಾದ ಪ್ರಯೋಗವಿದು. ಯಾವ ಗೊಬ್ಬರದಿಂದ ಒಣಹುಲ್ಲು ಹೆಚ್ಚು ದೊರೆತೀತು ಎಂಬುದೇ ಅವರ ಪ್ರಶ್ನೆ. ಲಾಸ್ ಅವರು ಸ್ವತಃ ಗೊಬ್ಬರದ ಕಾರ್ಖಾನೆಯ ಒಡೆಯರಾಗಿದ್ದರೆಂಬುದನ್ನು ಮರೆಯಲಾಗದು.

ಎರಡು ಮೂರು ವರ್ಷಗಳಲ್ಲಿಯೇ ತಾಕುಗಳ ಮುಖಲಕ್ಷಣ ಬದಲಾಯಿತು. ಇದನ್ನು ಅವರು ಕಡೆಗಣಿಸಲಿಲ್ಲ. ಕೊಯ್ದ ಹುಲ್ಲಿನ ಮಾದರಿಯನ್ನು ಕೈಯಿಂದ ಎಳೆಎಳೆಯಾಗಿ ಬಿಡಿಸಿ, ಜಾತಿಜಾತಿಯನ್ನು ಬೇರ್ಪಡಿಸಿ, ತೂಗಿ, ಲೆಕ್ಕವಿರಿಸಿದರು. ಬೇಸರ ತರುವ ಈ ಕಾರ್ಯವನ್ನು 20ನೆಯ ಶತಮಾನದಲ್ಲಿ ಸಸ್ಯವಿಜ್ಞಾನಿ ವಿನಿಫ್ರೆಡ್ ಬ್ರೆಂಚ್ಲಿ ಮುಂದುವರಿಸಿದರು. ಗೊಬ್ಬರ ಕಾಣದ ತಾಕುಗಳಲ್ಲಿ 40ರ ಆಸುಪಾಸು ಸಸ್ಯಜಾತಿಗಳು ಉಳಿದುವು. ಅಮೋನಿಯಂ ಸಲ್ಫೇಟನ್ನು ಎಡೆಬಿಡದೆ ಹಾಕಿ, ಸುಣ್ಣವಿಕ್ಕದೆ ಬಿಟ್ಟೆಡೆಗಳಲ್ಲಿ ಮಣ್ಣು ಆಮ್ಲೀಯವಾಗಿ ಎರಡು ಮೂರು ಜಾತಿಗಳಷ್ಟೆ ನಿಂತುವು. ತಕ್ಕಡಿಯೊಂದನ್ನೇ ನಂಬಿದ್ದರೆ ಈ ನಷ್ಟವು ಯಾರ ಗಮನಕ್ಕೂ ಬರುತ್ತಿರಲಿಲ್ಲ.

ನಷ್ಟವನ್ನು ಅಳೆದ ಕೋಲೇ ಮುಂದೆ ಲಾಭವನ್ನೂ ಅಳೆಯಿತು. ಕೆಲವು ತಾಕುಗಳ ಅರ್ಧಭಾಗಕ್ಕೆ 1989ರ ತರುವಾಯ ಸಾರಜನಕದ ಗೊಬ್ಬರವನ್ನು ನಿಲ್ಲಿಸಲಾಯಿತು. ಆ ಭಾಗಗಳು, ವಿಶೇಷವಾಗಿ ಸುಣ್ಣ ಪಡೆದವು, ತಮ್ಮ ವೈವಿಧ್ಯದ ಬಹುಪಾಲನ್ನು ಮರಳಿ ಗಳಿಸಿದುವೆಂದು 2015ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. 1991ರಿಂದ 2012ರವರೆಗೆ ವಾಯುಮಾಲಿನ್ಯದೊಡನೆ ನೆಲಕ್ಕಿಳಿಯುವ ಸಾರಜನಕವೂ ಕಡಿಮೆಯಾದಂತೆ, ಇಡೀ ಗಾವಲಿನಲ್ಲಿ ದ್ವಿದಳಸಸ್ಯಗಳ ಪಾಲು ಏರಿತು. ತೀರ ಆಮ್ಲೀಯವಾದ ನೆಲ ಮಾತ್ರ ಹಾಗೆ ಚೇತರಿಸಿಕೊಳ್ಳಲಿಲ್ಲ.

ಇಂಗ್ಲೆಂಡಿನಲ್ಲಿ 2021ರ ಪರಿಸರ ಶಾಸನವು, ಕಟ್ಟಡಗಳನ್ನು ಕಟ್ಟುವವರು ಜೀವವೈವಿಧ್ಯವನ್ನು ಶೇಕಡ 10ರಷ್ಟು ಹೆಚ್ಚಿಸಿ ತೋರಬೇಕೆಂದು ವಿಧಿಸಿತು. 2024ರಲ್ಲಿ ಅದು ಜಾರಿಗೆ ಬಂದಿತು. ಹೀಗೆ ರೂಪಿಸಿದ ನೆಲೆಗಳನ್ನು 30 ವರ್ಷ ಕಾಪಾಡಬೇಕು. ಅದರ ಲೆಕ್ಕವಾದರೋ ಮುಖ್ಯವಾಗಿ ಜೀವನೆಲೆಗಳ ಬಗೆ, ವಿಸ್ತಾರ, ಸ್ಥಿತಿಗಳದು; ಜಾತಿಗಳ ಎಣಿಕೆಯಲ್ಲ. ಇದು ಸಾಲದೆಂದೇ ನಮ್ಮ ಅಭಿಪ್ರಾಯ. ರಾಥಮ್‌ಸ್ಟೆಡ್ಡಿನವರು ಹುಲ್ಲನ್ನು ಬಿಡಿಸದೆ ವಿಸ್ತಾರವನ್ನಷ್ಟೆ ಬರೆದಿಟ್ಟಿದ್ದರೆ, ಆ ದಫ್ತರದಲ್ಲಿ 1856ರಲ್ಲಿಯೂ ಏಳು ಎಕರೆ, ಇಂದಿಗೂ ಏಳು ಎಕರೆ.