ಹಳೇ ರೇಸ್ ಸೈಕಲ್ಲಿನ ಕುಲಗೋತ್ರ

ಭೂತನಾಳಕ್ಕೆ ಸೈಕ್ಲಿಂಗ್ ವೆಲೊಡ್ರೋಮ್ ಮಂಜೂರಾದಾಗ ವಿಜಯಪುರದವರಿಗೆ ಅದು ಹೊಸ ಭಾಗ್ಯ ಅನ್ನಿಸಲಿಲ್ಲ, ಬರಬೇಕಾದ್ದು ತಡವಾಗಿ ಬಂತು ಅನ್ನಿಸಿತು. ಆಮೇಲೆ ಕಾಮಗಾರಿ ವರ್ಷಗಟ್ಟಲೆ ಕುಂಟಿದ್ದು ಬೇರೆ ಮಾತು. ಊರ ಜಾತ್ರೆಯಲ್ಲಿ ಕುಸ್ತಿಯ ಜೊತೆಗೆ ಸೈಕಲ್ ರೇಸನ್ನೂ ಇಡುವ ಸೀಮೆ ಇದು. ಕ್ಯಾರಿಯರ್, ಮಡ್‌ಗಾರ್ಡ್ ಕಿತ್ತುಹಾಕಿದ ಹಾಲು ಮಾರುವ ಸೈಕಲ್ಲಿನ ಮೇಲೆ ಗೆದ್ದ ಹುಡುಗರು ಕ್ರೀಡಾ ವಸತಿ ನಿಲಯ ಸೇರಿ, ರಾಷ್ಟ್ರೀಯ ಕೂಟಗಳಿಗೆ ಹೋಗಿ, ರೈಲ್ವೆ ನೌಕರಿ ಹಿಡಿದದ್ದು ಇಲ್ಲಿ ಮನೆಮಾತು. ತಿಕೋಟಾ, ಬಬಲೇಶ್ವರದ ಕಡೆಗೆ ಹೋಗುವ ರಸ್ತೆಗಳಲ್ಲಿ ಎದುರುಗಾಳಿಗೆ ತಲೆ ತಗ್ಗಿಸಿ ತುಳಿಯುವುದೇ ಅವರ ತರಬೇತಿ.

ಇಂಥ ಸೀಮೆಯಲ್ಲೂ ಒಂದು ವಿದ್ಯೆಗೆ ಸಲ್ಲಬೇಕಾದ ಮರ್ಯಾದೆ ಸಂದಿಲ್ಲ. ಹಳೆಯ ರೇಸ್ ಸೈಕಲ್ ಯಾರದು, ಯಾವ ಕಾಲದ್ದು ಎಂದು ಗುರುತಿಸಿ, ಅದನ್ನು ಕೆಡಿಸದೆ ಮತ್ತೆ ಓಡಿಸುವ ವಿದ್ಯೆ ಅದು. ಸ್ಟೀಲ್ ಕಾಲದ ಇಟಾಲಿಯನ್ ಸೈಕಲ್ಲುಗಳ ಸುತ್ತಲೇ ಅದು ಹೆಚ್ಚಾಗಿ ಬೆಳೆದಿದೆ. ಅದಕ್ಕೆ ಕಾರಣವೂ ಇದೆ.

ಎಡೊಆರ್ಡೊ ಬಿಯಾಂಕಿ ಮಿಲಾನಿನಲ್ಲಿ ಅಂಗಡಿ ತೆರೆದದ್ದು 1885ರಲ್ಲಿ. ಅದು ಮುಂದೆ ದೊಡ್ಡ ಕಾರ್ಖಾನೆಯಾಯಿತು. ಆದರೆ ಇಟಲಿಯ ರೇಸ್ ಸೈಕಲ್ಲಿನ ಜೀವಾಳ ಸಣ್ಣ ವರ್ಕ್‌ಶಾಪುಗಳಲ್ಲಿತ್ತು: ಮಿಲಾನಿನ ವಿಗೊರೆಲ್ಲಿ ವೆಲೊಡ್ರೋಮಿನಲ್ಲೇ ಬೀಡುಬಿಟ್ಟಿದ್ದ ಫಲಿಯೆರೊ ಮಾಸಿ, 1950ರ ದಶಕದ ಮೊದಲ ಭಾಗದಲ್ಲಿ ಕೆಲಸ ಶುರುಮಾಡಿದ ಉಗೊ ಡಿ ರೋಸಾ, ಕಂಬಿಯಾಗೊದ ಎರ್ನೆಸ್ಟೊ ಕೊಲ್ನಾಗೊ. ಕೊಲಂಬಸ್ ಕಂಪನಿಯ ತೆಳು ಸ್ಟೀಲ್ ಕೊಳವೆ ತರಿಸಿ, ಲಗ್ ಎಂಬ ಜೋಡುತುಣುಕಿಗೆ ಕೂರಿಸಿ, ಬ್ರೇಜಿಂಗ್ ಮಾಡಿ ಫ್ರೇಮ್ ಕಟ್ಟುತ್ತಿದ್ದರು. ಎಷ್ಟೋ ಸಲ ಕಟ್ಟಿದವನು ಒಬ್ಬ, ಮೇಲೆ ಬರೆದ ಹೆಸರು ಇನ್ನೊಬ್ಬನದು. ಎಡ್ಡಿ ಮರ್ಕ್ಸ್ 1972ರಲ್ಲಿ ಮೆಕ್ಸಿಕೊ ನಗರದಲ್ಲಿ ಒಂದು ತಾಸಿಗೆ 49.431 ಕಿಲೋಮೀಟರ್ ಓಡಿಸಿ ವಿಶ್ವದಾಖಲೆ ಮಾಡಿದ ಸೈಕಲ್ ಕಟ್ಟಿದ್ದು ಕೊಲ್ನಾಗೊ. ಅದರ ಮೇಲಿದ್ದ ಹೆಸರು ಮಾತ್ರ ಮೆಕ್ಸಿಕೊದ ವಿಂಡ್ಸರ್ ಕಂಪನಿಯದು. ಅಷ್ಟು ಹೆಸರುವಾಸಿಯಾದ ಸೈಕಲ್ಲಿನ ಪಾಡೇ ಹೀಗಿದ್ದರೆ ಉಳಿದವುಗಳ ಸ್ಟಿಕರ್ ನಂಬುವುದು ಹೇಗೆ? ಗುರುತಿಸುವ ವಿದ್ಯೆ ಹುಟ್ಟಿದ್ದು ಈ ಗೊಂದಲದಿಂದಲೇ.

ಅದಕ್ಕೆ ಮೊದಲ ಆಧಾರ ಒದಗಿಸಿದ್ದು ಬಿಡಿಭಾಗಗಳು. ವಿಚೆಂಜಾದ ತುಲ್ಲಿಯೊ ಕಂಪಾನ್ಯೊಲೊ 1933ರಲ್ಲಿ ಕಂಪನಿ ಕಟ್ಟಿದ. ಸ್ಪ್ಯಾನರ್ ಇಲ್ಲದೆ ಚಕ್ರ ಬಿಚ್ಚುವ ಕ್ವಿಕ್ ರಿಲೀಸ್ ಅವನದೇ. ಎರಡನೇ ಮಹಾಯುದ್ಧದ ಸುಮಾರಿಗೆ ಬಂದ ಅವನ ಗೇರಿನಲ್ಲಿ, ಓಡುತ್ತಿರುವಾಗಲೇ ಹಿಂದಿನ ಚಕ್ರವನ್ನು ಸಡಿಲಿಸಿ ಸರಳಿನಿಂದ ಚೈನ್ ದಾಟಿಸಬೇಕಿತ್ತು. ಈಗ ಕೇಳಿದರೆ ಸರ್ಕಸ್ಸು ಅನ್ನಿಸುತ್ತದೆ. 1950ರ ದಶಕದ ಆರಂಭದಲ್ಲಿ ಚೈನ್ ದಾಟಿಸುವ ಅವನ ಗ್ರಾನ್ ಸ್ಪೋರ್ಟ್ ಡಿರೇಲರ್ ಬಂದ ಮೇಲೆ ಆ ಸರ್ಕಸ್ಸು ಮುಗಿಯಿತು. ಅವನದೇ 1967ರ ನುವೊವೊ ರೆಕಾರ್ಡ್ ಒಂದೂವರೆ ದಶಕ ರೇಸ್ ಲೋಕವನ್ನು ಆಳಿತು. ಎಪ್ಪತ್ತರ ದಶಕದ ಈ ಡಿರೇಲರುಗಳ ಮೇಲೆ ಪೇಟೆಂಟ್ ಎಂಬ ಪದದ ಪಕ್ಕದಲ್ಲೇ ವರ್ಷದ ಎರಡು ಅಂಕಿ ಒತ್ತಿರುತ್ತವೆ, 75 ಎಂದಿದ್ದರೆ 1975. ಕ್ರ್ಯಾಂಕಿನ ಹಿಂಬದಿಯಲ್ಲೂ ಸಣ್ಣ ಗುರುತಿನೊಳಗೆ ವರ್ಷದ ಅಂಕಿ ಇರುತ್ತದೆ. ಫ್ರೆಂಚ್ ಚಿತ್ರಕಾರ ಡೇನಿಯಲ್ ರೆಬೂರ್ ಪತ್ರಿಕೆಗಳಿಗೆ ಬರೆದ ಬಿಡಿಭಾಗಗಳ ರೇಖಾಚಿತ್ರಗಳನ್ನು ಸಂಗ್ರಾಹಕರು ಇವತ್ತಿಗೂ ಪಂಚಾಂಗ ನೋಡಿದ ಹಾಗೆ ನೋಡುತ್ತಾರೆ.

ಆದರೆ ಬಿಡಿಭಾಗ ಬದಲಾಗುತ್ತದೆ, ಫ್ರೇಮ್ ಉಳಿಯುತ್ತದೆ. ಹಾಗಾಗಿ ಬಲ್ಲವರ ಕಣ್ಣು ಮೆಲ್ಲಗೆ ಫ್ರೇಮಿನ ಕಡೆ ತಿರುಗಿತು. ಸೈಕಲ್ಲನ್ನು ತಲೆಕೆಳಗೆ ಮಾಡಿ ಪೆಡಲ್ ಆಕ್ಸಲ್ ಕೂರುವ ಬಿ.ಬಿ. (ಬಾಟಮ್ ಬ್ರಾಕೆಟ್) ಶೆಲ್ ನೋಡಬೇಕು. ಇಟಾಲಿಯನ್ ಶೆಲ್ಲಿನ ಅಗಲ 70 ಮಿ.ಮೀ., ಥ್ರೆಡ್ 36 ಮಿ.ಮೀ. ವ್ಯಾಸದ್ದು, ಇಂಗ್ಲಿಷ್ ಪದ್ಧತಿಯಲ್ಲಿ ಅಗಲ 68, ವ್ಯಾಸ 34.8. ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಇಟಾಲಿಯನ್ ಸೈಕಲ್ಲಿನಲ್ಲಿ ಎರಡೂ ಕಡೆಯ ಬೇರಿಂಗ್ ಕಪ್ಪುಗಳು ಸಾಮಾನ್ಯ ಬೋಲ್ಟಿನಂತೆ ಬಲಕ್ಕೆ ತಿರುಗಿಸಿದರೆ ಬಿಗಿಯುತ್ತವೆ. ಇಂಗ್ಲಿಷ್ ಪದ್ಧತಿಯಲ್ಲಿ ಚೈನಿನ ಕಡೆಯ ಕಪ್ಪು ಉಲ್ಟಾ. ಹೀರೊ, ಅಟ್ಲಾಸ್, ಹರ್ಕ್ಯುಲಿಸ್ ಬಿಚ್ಚಿ ಕೈ ಪಳಗಿದ ನಮ್ಮ ಮೇಸ್ತ್ರಿ ಅದೇ ಅಭ್ಯಾಸದಲ್ಲಿ ಇಟಾಲಿಯನ್ ಕಪ್ಪಿಗೆ ಪಾನಾ ಹಾಕಿದರೆ, ಬಿಚ್ಚುತ್ತೇನೆಂದು ಬಿಗಿಯುತ್ತಾನೆ. ಅದು ಅಲ್ಲಾಡುವುದಿಲ್ಲ, ಪೈಪ್ ತೂರಿಸಿ ಇನ್ನಷ್ಟು ಜಗ್ಗುತ್ತಾನೆ, ಕಪ್ಪಿನ ಅಂಚು ಹೋಗುತ್ತದೆ. ಕೂಡಿಸುವಾಗಲೂ ಎಚ್ಚರ ಬೇಕು: ತುಳಿತದ ತಿರುವಿಗೆ ಇಟಾಲಿಯನ್ ಬಲಗಡೆಯ ಕಪ್ಪು ತಾನಾಗಿ ಸಡಿಲಾಗುತ್ತದೆ, ಅದನ್ನು ಉಳಿದದ್ದಕ್ಕಿಂತ ಬಿಗಿಯಾಗಿ ಕೂರಿಸಬೇಕು.

36 ಮಿ.ಮೀ. ಥ್ರೆಡ್ ಕಂಡ ತಕ್ಷಣ ಇಟಾಲಿಯನ್ ಎಂದು ಸಾರುವ ಹಾಗೂ ಇಲ್ಲ. ಇಂಗ್ಲಿಷ್ ಫ್ರೇಮಿನ ಥ್ರೆಡ್ ಸವೆದರೆ ಅದನ್ನೇ ಅಗಲಿಸಿ ಇಟಾಲಿಯನ್ ಅಳತೆಗೆ ತಿರುಪು ಕೊರೆಯುವುದು ಹಳೇ ರಿಪೇರಿ ಪದ್ಧತಿ. ಆಗ ಥ್ರೆಡ್ ಇಟಲಿಯದು, ಶೆಲ್ಲಿನ ಅಗಲ ಇನ್ನೂ 68. ಇಂಥಲ್ಲಿ ಒಂದು ಸಾಕ್ಷಿ ಸಾಲದು. ಫೋರ್ಕ್ ಬಿಚ್ಚಿ ಒಳಗೆ ಬೆರಳಾಡಿಸಬೇಕು: ಕೊಲಂಬಸ್ ಎಸ್‌ಎಲ್, ಎಸ್‌ಪಿ ಕೊಳವೆಗಳ ಸ್ಟಿಯರರ್ (ಫೋರ್ಕಿನ ಮೇಲಿನ ಕೊಳವೆ) ಬುಡದಲ್ಲಿ ಸುರುಳಿಯಾಗಿ ಏರಿದ ಐದು ಗೆರೆಗಳು ಸಿಗುತ್ತವೆ. ಸೀಟ್‌ಪೋಸ್ಟ್ 27.2 ಮಿ.ಮೀ. ಇದ್ದರೆ ತೆಳು ಎಸ್‌ಎಲ್, 27.0 ಇದ್ದರೆ ದಪ್ಪ ಎಸ್‌ಪಿ ಎಂಬುದು ರೂಢಿಯ ಲೆಕ್ಕ. ಹಿಂದಿನ ಚಕ್ರ ಕೂರುವ ಜಾಗದ ಅಗಲವೂ ಕಾಲ ಹೇಳುತ್ತದೆ: 120 ಮಿ.ಮೀ. ಆದರೆ ಐದು ಹಲ್ಲುಚಕ್ರದ ಕಾಲ, 126 ಆದರೆ ಆರು–ಏಳರ ಕಾಲ, 130 ಆದರೆ ಎಂಟು ಮತ್ತು ಅದಕ್ಕಿಂತ ಹೆಚ್ಚಿನದರ ಕಾಲ. ಬ್ರೇಕ್ ಕೇಬಲನ್ನು ಕ್ಲಿಪ್ಪಿನಿಂದ ಕಟ್ಟಿದ್ದರೆ ಹಳೆಯದು. ಕೊಳವೆಗೇ ಬೆಸೆದ ಹಿಡಿಕೆಗಳಿದ್ದರೆ ಸಾಮಾನ್ಯವಾಗಿ ಎಪ್ಪತ್ತರ ನಡುಭಾಗದ ಈಚಿನದು. ಈ ಸಾಕ್ಷಿಗಳೆಲ್ಲ ಒಂದೇ ಕಡೆ ಬೆರಳು ತೋರಿಸಿದಾಗ ಮಾತ್ರ ಹೆಸರು ಹೇಳುವುದು ನ್ಯಾಯ.

ಇತ್ತ ರೇಸ್ ಲೋಕವೂ ಬದಲಾಯಿತು: 1990ರಲ್ಲಿ ಶಿಮಾನೊ ಕಂಪನಿ ಬ್ರೇಕ್ ಲಿವರಿನಲ್ಲೇ ಗೇರ್ ಇಟ್ಟಿತು, 1994ರಲ್ಲಿ ಕೊಲ್ನಾಗೊ ಕಾರ್ಬನ್ನಿನ ಸಿ40 ತಂದಿತು. ಸ್ಟೀಲ್ ಸೈಕಲ್ಲುಗಳು ಮೂಲೆ ಸೇರಿದವು. ಅವುಗಳ ಅದೃಷ್ಟ ತಿರುಗಿದ್ದು 1997ರಲ್ಲಿ, ಟಸ್ಕನಿಯ ಗಾಯೊಲೆಯಲ್ಲಿ ಲೆರೊಯಿಕಾ ಎಂಬ ಓಟ ಶುರುವಾದಾಗ. 1987ಕ್ಕಿಂತ ಹಿಂದಿನ ರೇಸ್ ಸೈಕಲ್ಲೇ ಬೇಕು, ಗೇರ್ ಲಿವರ್ ಫ್ರೇಮಿನ ಕೆಳಕೊಳವೆಯಲ್ಲೇ ಇರಬೇಕು, ಮಣ್ಣುರಸ್ತೆಯಲ್ಲಿ ಓಡಿಸಬೇಕು ಎಂಬುದು ಅದರ ನಿಯಮ. ಅಲ್ಲಿಂದಾಚೆಗೆ ಹಳೇ ಭಾಗಗಳಿಗೆ ಬೆಲೆ ಬಂತು, ಬೆಲೆಯ ಹಿಂದೆ ನಕಲಿಯೂ ಬಂತು.

ದುರಸ್ತಿಯ ನೀತಿಯೂ ಬದಲಾಯಿತು. ಮೊದಲು ಎಲ್ಲ ಕೆರೆದು ಹೊಸ ಬಣ್ಣ ಹೊಡೆದರೆ ಅದೇ ಜೀರ್ಣೋದ್ಧಾರ. ಈಗ ಮೂಲ ಬಣ್ಣ ಚಕ್ಕೆ ಎದ್ದಿದ್ದರೂ ಉಳಿಸುವುದೇ ಮೇಲು ಎನ್ನುವವರು ಹೆಚ್ಚು, ನನ್ನ ಮತವೂ ಅದೇ. ತುಕ್ಕಿಗೆ ಆಕ್ಸಾಲಿಕ್ ಆಮ್ಲದ ತೆಳು ದ್ರಾವಣ, ಸ್ಟೀಲಿಗೆ ಕಚ್ಚಿಕೊಂಡ ಅಲ್ಯುಮಿನಿಯಂ ಸೀಟ್‌ಪೋಸ್ಟಿಗೆ ತುಕ್ಕು ಬಿಡಿಸುವ ಎಣ್ಣೆ ಮತ್ತು ದಿನಗಟ್ಟಲೆ ತಾಳ್ಮೆ. ಸುತ್ತಿಗೆ ಮಾತ್ರ ಬೇಡವೇ ಬೇಡ.

ನಮ್ಮಲ್ಲಿ ಆಮದು ಬಿಗಿಯಾಗಿದ್ದ ಕಾಲದಲ್ಲಿ ವಿದೇಶಿ ರೇಸ್ ಸೈಕಲ್ ಕೈಗೆ ಸಿಗುವುದೇ ದುರ್ಲಭವಾಗಿತ್ತು. ಬಂದದ್ದನ್ನೂ ಮುರಿಯುವ ತನಕ ತುಳಿದರು, ಕೈಯಿಂದ ಕೈಗೆ ದಾಟಿಸಿದರು, ದಾಟುವಾಗಲೆಲ್ಲ ಬಣ್ಣ ಬದಲಿಸಿದರು. ಅದು ತಪ್ಪಲ್ಲ, ಹೊಟ್ಟೆಪಾಡಿನ ಓಟ ಅದು. ಈಗ ಕಾರ್ಬನ್ ಸೈಕಲ್ ಬಂದ ಮೇಲೆ ಆ ಸ್ಟೀಲ್ ಫ್ರೇಮುಗಳು ಸಲ್ಲುವುದು ಗುಜರಿಗೆ, ಕೆಜಿ ಲೆಕ್ಕದಲ್ಲಿ.

ವಿಜಯಪುರ, ಬಾಗಲಕೋಟೆ ಸೀಮೆಯ ಹಳೇ ಸವಾರರ ಮನೆಯವರಲ್ಲಿ ಒಂದು ವಿನಂತಿ. ಅಟ್ಟದ ಮೇಲೆ ಡ್ರಾಪ್ ಹ್ಯಾಂಡಲಿನ ಹಳೇ ಸೈಕಲ್ ಇದ್ದರೆ, ಮಾರುವ ಮೊದಲು ತಲೆಕೆಳಗೆ ಮಾಡಿ ಬಿ.ಬಿ. ಶೆಲ್ಲಿನ ಫೋಟೋ ತೆಗೆಯಿರಿ, ಅಲ್ಲಿ ಒತ್ತಿದ ಅಂಕಿ ಬರೆದಿಡಿ, ಯಾರು ಯಾವ ವರ್ಷ ಯಾವ ರೇಸಿನಲ್ಲಿ ಓಡಿಸಿದರು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಜೊತೆಗಿಡಿ. ಭೂತನಾಳದ ವೆಲೊಡ್ರೋಮಿನಲ್ಲಿ ಇಂಥ ಹತ್ತಾರು ಸೈಕಲ್ ನಿಲ್ಲಿಸಲು ಒಂದು ಕೋಣೆ ಮಾಡುವುದು ಕ್ರೀಡಾ ಇಲಾಖೆಗೆ ಭಾರವಾಗುವ ಕೆಲಸವಲ್ಲ.