‘ಬಂದ’ ಮತ್ತು ‘ಬಂದಾನ’: ಭೂತಕಾಲದ ಎರಡು ರೂಪಗಳು

ಭೀಮಾತೀರದ ಅಗರಖೇಡದ ಸೀಮೆಯಲ್ಲಿ ‘ಅಂವ ಬಂದ’ ಎಂಬುದು ಒಂದು ಮಾತು, ‘ಅಂವ ಬಂದಾನ’ ಎಂಬುದು ಇನ್ನೊಂದು. ಮೊದಲನೆಯದು ನಡೆದುಹೋದ ಸಂಗತಿಯನ್ನಷ್ಟೇ ಹೇಳುವುದು. ಎರಡನೆಯದು, ಬಂದವನು ಇನ್ನೂ ಇಲ್ಲಿಯೇ ಇದ್ದಾನೆಂಬುದನ್ನೂ ಸೂಚಿಸುವುದು. (ಸಂಭಾವನಾರ್ಥದ ‘ಬಂದಾನು’ ಇದಲ್ಲ, ಕೊನೆಯ ಸ್ವರವೊಂದರಿಂದ ಅರ್ಥವೇ ಬೇರೆಯಾಗುತ್ತದೆ.) ಆದುದರಿಂದ ಇಂಗ್ಲಿಷಿನ ಸಾಮಾನ್ಯ ಭೂತಕ್ಕೂ ಪೂರ್ಣ ವರ್ತಮಾನಕ್ಕೂ ಇರುವ ಭೇದವು ಈ ಕಡೆಯ ವಿದ್ಯಾರ್ಥಿಗೆ ಅಪರಿಚಿತವೆಂದು ಭಾವಿಸುವುದು ಸರಿಯಲ್ಲ. ಆದರೂ ಅವನು ‘ಐ ಹ್ಯಾವ್ ಕಮ್ ಯೆಸ್ಟರ್ಡೇ’ ಎಂದು ಬರೆಯುತ್ತಾನೆ. ಉತ್ತರಪತ್ರಿಕೆಯ ಮೇಲೆ ಕೆಂಪು ಗೆರೆ ಬೀಳುತ್ತದೆ. ಅವನನ್ನು ಮಂದಮತಿಯೆಂದು ತೀರ್ಮಾನಿಸುವ ಮೊದಲು ಈ ತಪ್ಪಿನ ಇತಿಹಾಸವನ್ನು ನೋಡಬೇಕು.

ಇದೇ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ನಾನಾ ದೇಶಗಳ ವಿದ್ಯಾರ್ಥಿಗಳಿಗಾಗಿ ಒಂದು ಶಾಲೆಯಿದ್ದಿತೆಂದು ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನದಿಂದ ತಿಳಿದುಬರುತ್ತದೆ. ಅಂದಿನ ವಿದ್ಯೆಗೆ ಆಧಾರವಾಗಿದ್ದ ಸಂಸ್ಕೃತದಲ್ಲಿ ಭೂತಕಾಲಕ್ಕೆ ಪಾಣಿನಿಯು ಮೂರು ಲಕಾರಗಳನ್ನು ವಿಧಿಸಿದ್ದನು: ಸಾಮಾನ್ಯ ಭೂತಕ್ಕೆ ಲುಙ್, ಇಂದಿನದಲ್ಲದ ಭೂತಕ್ಕೆ ಲಙ್, ತಾನು ಕಣ್ಣಾರೆ ಕಾಣದುದಕ್ಕೆ ಲಿಟ್. ಕಾವ್ಯಗಳಲ್ಲಿ ಈ ಭೇದ ಬಹುಮಟ್ಟಿಗೆ ಮಸುಳಿತು. 13ನೆಯ ಶತಮಾನದ ಕೇಶಿರಾಜನು ಕನ್ನಡಕ್ಕೆ ಭೂತದಲ್ಲಿ ‘ದ’, ವರ್ತಮಾನದಲ್ಲಿ ‘ದಪ’, ಭವಿಷ್ಯತ್ತಿನಲ್ಲಿ ‘ವ’ ಎಂದು ಮೂರೇ ಕಾಲಗಳನ್ನು ಹೇಳಿದನು. ‘ಇರ್’ ಧಾತು ಕೂಡಿದ ‘ಬಂದಿರ್ದಂ’ ಮೊದಲಾದ ರೂಪಗಳು ಬಳಕೆಯಲ್ಲಿದ್ದರೂ ಅವು ಬೇರೊಂದು ಕಾಲವೆನಿಸಲಿಲ್ಲ.

‘ಪೂರ್ಣ ವರ್ತಮಾನ’ವೆಂಬ ಹೆಸರು ಇಂಗ್ಲಿಷ್ ಶಿಕ್ಷಣದ ಕೊಡುಗೆ. ‘ಬಂದಿದ್ದೇನೆ’ ಎಂದರೆ ‘ಹ್ಯಾವ್ ಕಮ್’ ಎಂದು ಬಾಯಿಪಾಠ ಮಾಡಿಸಿದ್ದೇ ತೊಡಕಿನ ಮೂಲವೆಂದು ನನ್ನ ಅಭಿಪ್ರಾಯ. ‘ನಿನ್ನೆ ಬಂದಿದ್ದೇನೆ’ ಎಂಬಲ್ಲಿ ‘ನಿನ್ನೆ’ಯು ‘ಬಂದು’ ಎಂಬುದಕ್ಕೆ ಸೇರುತ್ತದೆ, ‘ಇದ್ದೇನೆ’ ಇಂದಿಗೆ ಸೇರುತ್ತದೆ; ಕನ್ನಡಕ್ಕೆ ಇದರಲ್ಲಿ ದೋಷವಿಲ್ಲ. ಇಂಗ್ಲಿಷಿನಲ್ಲಾದರೋ ‘ಹ್ಯಾವ್’ ವರ್ತಮಾನದ ರೂಪ. ಮುಗಿದುಹೋದ ಕಾಲವನ್ನು ಹೆಸರಿಸುವ ಪದವನ್ನು ಅದು ಸಹಿಸದು.

ಹಾಗೆಂದು ಆ ಭಾಷೆಯೂ ಸದಾ ಇಷ್ಟು ಬಿಗಿಯಾಗಿರಲಿಲ್ಲ. 17ನೆಯ ಶತಮಾನದ ಬರಹಗಳಲ್ಲಿ ಪೂರ್ಣ ವರ್ತಮಾನದೊಡನೆ ಗತಕಾಲದ ಪದಗಳು ಆಗಾಗ ಕಾಣಸಿಗುತ್ತವೆ. ಗಮನಾರ್ಥಕ ಧಾತುಗಳೊಡನೆ ‘ಹ್ಯಾವ್’ ಬದಲು ‘ಈಸ್’ ಬಳಸಿ ‘ಹಿ ಈಸ್ ಕಮ್’ ಎನ್ನುವ ರೂಢಿ 19ನೆಯ ಶತಮಾನದವರೆಗೂ ಉಳಿದಿತ್ತು. ‘ಬಂದು ಇದ್ದಾನೆ’ ಎಂಬ ನಮ್ಮ ರಚನೆಗೆ ಅದು ಎಷ್ಟು ಹತ್ತಿರ!

ಅಧ್ಯಾಪಕರು ವಿದ್ಯಾರ್ಥಿಗೆ ಕ್ರಿಯಾರೂಪವನ್ನು ಕೇಳುವ ಮೊದಲು ‘ಯಾವಾಗ?’ ಎಂದು ಕೇಳುವುದು ಲೇಸು. ಉತ್ತರವು ‘ನಿನ್ನೆ’, ‘1956ರಲ್ಲಿ’ ಎಂದು ವಾಕ್ಯದಲ್ಲಿಯೇ ಇದ್ದರೆ ಸಾಮಾನ್ಯ ಭೂತವೇ ಸರಿ. ‘ಇಂದು’ ಎಂಬುದು ಮಾತ್ರ ಎರಡಕ್ಕೂ ಒಗ್ಗುತ್ತದೆ. ‘ಅಂವ ನಿನ್ನಿ ಬಂದಾನ’ ಎಂಬುದನ್ನು ‘ಹಿ ಕೇಮ್ ಯೆಸ್ಟರ್ಡೇ’ ಎಂದು ಅನುವಾದಿಸಿದರೆ ವ್ಯಾಕರಣ ಶುದ್ಧವಾಯಿತು, ಅರ್ಧ ಅರ್ಥ ಉಳಿಯಿತು; ಆ ಉಳಿದರ್ಧಕ್ಕೆ ‘ಹಿ ಈಸ್ ಸ್ಟಿಲ್ ಹಿಯರ್’ ಎಂಬ ಇನ್ನೊಂದು ವಾಕ್ಯವನ್ನೇ ಬರೆಯಿಸಬೇಕಾಗುತ್ತದೆ.