ದೂರದ ಗ್ರಹ ನುಣ್ಣಗೆ

ಕಂಪ್ಯೂಟರ್ ಆಟದ ತಯಾರಕರು ಬ್ರಹ್ಮನ ಕೆಲಸಕ್ಕೆ ಕೈಹಾಕಿ ನಾಲ್ಕು ದಶಕಗಳು ಕಳೆದಿವೆ. ಆಡುವವನಿಗೆ ಒಂದು ನೌಕೆ, ಅದರ ಸುತ್ತ ಇಡೀ ಬ್ರಹ್ಮಾಂಡ. ಎಲ್ಲಿಗೆ ಹೋಗಬೇಕು, ಏನು ಮಾಡಬೇಕು ಎಂಬುದು ಅವನ ಇಚ್ಛೆ. ಇಂತಹ ಬಾಹ್ಯಾಕಾಶ ಆಟಗಳು ಸಾಮಾನ್ಯವಾಗಿ ಹಿಂದಿನದಕ್ಕಿಂತ ದೊಡ್ಡ ಜಗತ್ತಿನ ಆಸೆ ತೋರಿಸಿಕೊಂಡೇ ಬರುತ್ತವೆ. ಆದರೆ ಜಗತ್ತು ಹಿಗ್ಗಿದಷ್ಟೂ ಅದರ ಮೇಲಿನ ನಂಬಿಕೆಯೂ ಹಿಗ್ಗುತ್ತದೆಯೆ?

ಈ ಪ್ರಶ್ನೆ ಮೊದಲು ಎದ್ದದ್ದು 1984ರ ಇಂಗ್ಲೆಂಡಿನಲ್ಲಿ. ಕೇಂಬ್ರಿಜ್ ವಿದ್ಯಾರ್ಥಿಗಳಾಗಿದ್ದ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್, ಬಿಬಿಸಿ ಮೈಕ್ರೋ ಎಂಬ ಮನೆಬಳಕೆಯ ಕಂಪ್ಯೂಟರಿಗಾಗಿ 'ಎಲೀಟ್' ಎಂಬ ಆಟವನ್ನು ರಚಿಸಿದರು. ಆ ಯಂತ್ರದ ಸ್ಮೃತಿಕೋಶ ಕೇವಲ 32 ಕಿಲೋಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಕೂಡ ಅದರಲ್ಲಿ ಹಿಡಿಸದು. ಅಷ್ಟರೊಳಗೆ ಅವರು 8 ಗೆಲಾಕ್ಸಿಗಳನ್ನು, ಒಂದೊಂದರಲ್ಲಿ 256ರಂತೆ 2,048 ಗ್ರಹಗಳನ್ನು ಅಡಗಿಸಿದರು.

ಇದು ಹೇಗೆ ಸಾಧ್ಯವಾಯಿತು? ಹದಿನೇಳರ ಮಗ್ಗಿಯನ್ನು ಬರೆದಿಟ್ಟುಕೊಳ್ಳದವನೂ ಹದಿನೇಳನ್ನು ಕೂಡುತ್ತ ಹೋದರೆ ಬೇಕಾದ ಸಾಲನ್ನು ತಲಪಬಹುದು. ಇಲ್ಲಿಯೂ ಹಾಗೆಯೇ. ಆಟದಲ್ಲಿ ಇದ್ದದ್ದು ಗ್ರಹಗಳ ಪಟ್ಟಿಯಲ್ಲ. ಕೆಲವು ಬೀಜಸಂಖ್ಯೆಗಳು ಮತ್ತು ಲೆಕ್ಕದ ಒಂದು ನಿಯಮ. ಲೆಕ್ಕ ಮಾಡಿದಾಗಲೆಲ್ಲ ಅದೇ ಗ್ರಹ, ಅದೇ ಹೆಸರು, ಅದೇ ಬಗೆಯ ಸರ್ಕಾರ ಮತ್ತೆ ಹುಟ್ಟುತ್ತಿತ್ತು. ಈ ಉಪಾಯದಿಂದ ಸುಮಾರು 281 ಲಕ್ಷ ಕೋಟಿ ಗೆಲಾಕ್ಸಿಗಳನ್ನು ಕೊಡಬಹುದಿತ್ತು. ಆದರೆ ಪ್ರಕಾಶಕರಾದ ಏಕಾರ್ನ್‌ಸಾಫ್ಟ್‌ನವರು ಒಪ್ಪಲಿಲ್ಲ. ಅಷ್ಟೊಂದು ಕೊಟ್ಟರೆ ಲೆಕ್ಕದ ಗುಟ್ಟು ರಟ್ಟಾಗುತ್ತದೆ ಎಂಬುದು ಅವರ ಅಳುಕು. ನಂಬಬೇಕಾದ ಜಗತ್ತಿಗೆ ಒಂದು ಎಲ್ಲೆ ಇರಬೇಕು ಎಂಬ ವಿವೇಕ ಆಗಲೇ ಇತ್ತೆನ್ನಬಹುದು.

ಎಲೀಟಿನ ನೌಕೆಗಳು ಬರಿಯ ಗೆರೆಗಳು. ಗ್ರಹಗಳು ಬರಿಯ ದುಂಡು, ಅವುಗಳ ಮೇಲೆ ಇಳಿಯುವಂತಿರಲಿಲ್ಲ. ಆದರೂ ಜನ ಅದನ್ನು ನಂಬಿದರು. ಕಾರಣ, ಅಲ್ಲಿ ಮಾಡಿದ್ದಕ್ಕೆ ಫಲವಿತ್ತು. ಬೇಸಾಯದ ಗ್ರಹದಲ್ಲಿ ಅಗ್ಗವಾಗಿ ಕೊಂಡ ಆಹಾರವನ್ನು ಕೈಗಾರಿಕೆಯ ಗ್ರಹದಲ್ಲಿ ಲಾಭಕ್ಕೆ ಮಾರಬಹುದಿತ್ತು. ನಿಷೇಧಿತ ಸರಕು ಸಾಗಿಸಿದರೆ ಪೊಲೀಸ್ ನೌಕೆಗಳು ಬೆನ್ನು ಹತ್ತುತ್ತಿದ್ದವು. ಅರಾಜಕ ಗ್ರಹಗಳ ದಾರಿಯಲ್ಲಿ ದರೋಡೆಕೋರರ ಕಾಟ ಹೆಚ್ಚು. ಉಳಿದದ್ದನ್ನು ಆಡುವವನ ಕಲ್ಪನೆ ತುಂಬಿಕೊಟ್ಟಿತು.

2016ರಲ್ಲಿ ಇಂಗ್ಲೆಂಡಿನದೇ ಹೆಲೋ ಗೇಮ್ಸ್ ಎಂಬ ಸಣ್ಣ ತಂಡ 'ನೋ ಮ್ಯಾನ್ಸ್ ಸ್ಕೈ' ಆಟದಲ್ಲಿ ಆ ಎಲ್ಲೆಯನ್ನು ಕಿತ್ತುಹಾಕಿತು. ಚದುರಂಗದ ಮನೆಯಿಂದ ಮನೆಗೆ ಕಾಳುಗಳನ್ನು ಇಮ್ಮಡಿಸುತ್ತ ಹೋಗಿ ರಾಜನ ಕಣಜವೇ ಬರಿದಾದ ಕಥೆ ಓದುಗರಿಗೆ ಗೊತ್ತಿರುತ್ತದೆ. 64 ಮನೆಗಳ ಒಟ್ಟು ಕಾಳಿಗೆ ಇನ್ನೊಂದು ಸೇರಿಸಿದರೆ ಎಷ್ಟೋ ಅಷ್ಟು ಗ್ರಹಗಳು ಇಲ್ಲಿದ್ದವು. ಗ್ರಹಕ್ಕೊಂದು ಸೆಕೆಂಡಿನಂತೆ ನೋಡುತ್ತ ಹೋದರೂ 58 ಸಾವಿರ ಕೋಟಿ ವರ್ಷ ಬೇಕು. ಆದರೆ ಹತ್ತಾರು ಗ್ರಹ ನೋಡುವಷ್ಟರಲ್ಲಿ ಎಲ್ಲವೂ ಒಂದೇ ತೆರ ಎಂಬ ದೂರು ಬಂತು. ದೂರದ ಬೆಟ್ಟದಂತೆ ಗ್ರಹವೂ ದೂರದಿಂದಲೇ ಚೆನ್ನ. ಬಿಡುಗಡೆಯ ಹೊಸದರಲ್ಲೇ ಇಬ್ಬರು ಆಟಗಾರರು ಒಂದೇ ಗ್ರಹದ ಒಂದೇ ಜಾಗಕ್ಕೆ ಬಂದು ನಿಂತರೂ ಒಬ್ಬರಿಗೊಬ್ಬರು ಕಾಣಲಿಲ್ಲ. ಮುಂದೆ 2018ರ ಪರಿಷ್ಕರಣೆಯಲ್ಲಿ ಜೊತೆಗೂಡಿ ಆಡುವ ಏರ್ಪಾಟು ಪೂರ್ಣವಾಗಿ ಬಂದಾಗ ಕೈಬಿಟ್ಟಿದ್ದವರಲ್ಲಿ ಅನೇಕರು ಮರಳಿದರು. ಅವರನ್ನು ಕರೆತಂದದ್ದು ಇನ್ನಷ್ಟು ಗ್ರಹಗಳಲ್ಲ, ಪಕ್ಕದಲ್ಲಿ ಕಾಣಿಸಿಕೊಂಡ ಇನ್ನೊಬ್ಬ ಮನುಷ್ಯ.

2023ರಲ್ಲಿ ಅಮೆರಿಕದ ಬೆಥೆಸ್ಡಾ ಸಂಸ್ಥೆ ಸಾವಿರಕ್ಕೂ ಹೆಚ್ಚು ಗ್ರಹಗಳ 'ಸ್ಟಾರ್‌ಫೀಲ್ಡ್' ತಂದಿತು. ಬಹುಪಾಲು ಗ್ರಹಗಳು ಬಣಬಣ ಎನ್ನುತ್ತವೆ ಎಂಬ ಟೀಕೆಗೆ ತಯಾರಕರು, ಚಂದ್ರನ ಮೇಲೂ ಏನೂ ಇರಲಿಲ್ಲ, ಹೋದವರಿಗೆ ಬೇಸರವಾಗಲಿಲ್ಲ ಎಂಬ ಉತ್ತರ ಕೊಟ್ಟರು. ಮಾತು ನಿಜವೇ. ಆದರೆ 1969ರಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಇಳಿದದ್ದು ನಾಲ್ಕು ದಿನ ಪಯಣಿಸಿ, ಜೀವವನ್ನು ಪಣಕ್ಕಿಟ್ಟು. ಆಟದಲ್ಲಾದರೋ ನಕ್ಷೆಯ ಮೇಲೆ ಗುಂಡಿ ಒತ್ತಿದರೆ ಗ್ರಹ ಮುಂದೆ ನಿಲ್ಲುತ್ತದೆ. ಬೆಲೆ ತೆರದೆ ದಾಟಿದ ದೂರ ದೂರವೆನಿಸುವುದಿಲ್ಲ.

ಹಾಗಾದರೆ ನಂಬುವಂತಹ ಜಗತ್ತು ಅಸಾಧ್ಯವೆ? ಐಸ್‌ಲೆಂಡಿನಲ್ಲಿ ತಯಾರಾಗಿ 2003ರಲ್ಲಿ ಬಂದ 'ಈವ್ ಆನ್‌ಲೈನ್' ಬೇರೆ ದಾರಿ ತೋರಿಸುತ್ತದೆ. ಅಲ್ಲಿರುವುದು ಕೆಲವೇ ಸಾವಿರ ನಕ್ಷತ್ರಮಂಡಲಗಳು. ಆದರೆ ಸಾವಿರಾರು ಆಟಗಾರರು ಒಂದೇ ಜಗತ್ತಿನಲ್ಲಿ ಬಾಳುತ್ತಾರೆ. ನೌಕೆ ಕಟ್ಟುವವರು, ಮಾರುವವರು, ಮೋಸ ಮಾಡುವವರು ಎಲ್ಲರೂ ಮನುಷ್ಯರೇ. ಸುಟ್ಟ ನೌಕೆ ಮರಳಿ ಬಾರದು. 2014ರ ಜನವರಿಯಲ್ಲಿ ಒಂದು ಕೂಟ ತನ್ನ ಹಿಡಿತದಲ್ಲಿದ್ದ ಬಿ-ಆರ್5ಆರ್‌ಬಿ ಎಂಬ ಮಂಡಲದ ಕಂದಾಯ ಕಟ್ಟಲಿಲ್ಲ. ಎದುರಾಳಿಗಳು ನುಗ್ಗಿದರು. ಸುಮಾರು 21 ಗಂಟೆಗಳ ಕಾಲ 7,500ಕ್ಕೂ ಹೆಚ್ಚು ಜನ ಕಾದಾಡಿದರು. ಟೈಟಾನ್ ಎಂಬ ದೈತ್ಯ ನೌಕೆಗಳೇ 75 ನಾಶವಾದವು.

ಆ ನೌಕೆಗಳ ಅವಶೇಷಗಳನ್ನು ತಯಾರಕರು ಯುದ್ಧದ ಸ್ಮಾರಕವಾಗಿ ಅಲ್ಲೇ ನಿಲ್ಲಿಸಿದರು. ಯಾವ ಬೀಜಸಂಖ್ಯೆಯಿಂದಲೂ ಅವು ಹುಟ್ಟಲಾರವು. ಗ್ರಹಗಳನ್ನು ಲೆಕ್ಕದಿಂದ ಎಷ್ಟು ಬೇಕಾದರೂ ಸೃಷ್ಟಿಸಬಹುದು. ಆದರೆ ಒಂದು ಜಾಗಕ್ಕೆ ಚರಿತ್ರೆ ಬರಬೇಕಾದರೆ ಅಲ್ಲಿ ಯಾರಾದರೂ ಏನನ್ನಾದರೂ ಕಳೆದುಕೊಂಡಿರಬೇಕು.